ಸಿಗಂದೂರು ಲಾಂಚಿಗೆ ಕಾದವರು ಇಲ್ಲಿ ಯಾರಾದ್ರೂ ಇದ್ದೀರಾ?

ಸಾಗರದವ:
ನಾನು ಬೆಳೆದದ್ದು ಸಾಗರದಲ್ಲಿ. ಅಜ್ಜಿಮನೆ ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ. ರಜೆ ಬಂತು ಅಂದ್ರೆ ಹೊಳೆಬಾಗಿಲಲ್ಲಿ ಲಾಂಚಿಗೆ ಕಾಯೋದೇ ಕೆಲಸ. ಬಸ್ಸು ಲಾಂಚು ಹತ್ತುವಾಗ ಕಬ್ಬಿಣದ ಹಲಗೆ ಢಣ್ ಅನ್ನುತ್ತಿತ್ತು. ಅಮ್ಮ ನನ್ನ ಅಂಗಿಯ ಕಾಲರ್ ಬಿಡುತ್ತಲೇ ಇರಲಿಲ್ಲ. ಒಮ್ಮೆ ಕೊನೆಯ ಲಾಂಚು ತಪ್ಪಿ, ದಡದ ಅಂಗಡಿಯಲ್ಲಿ ಮಂಡಕ್ಕಿ ತಿಂದು ಸುಮ್ನೆ ವಾಪಸ್ ಬಂದಿದ್ದೆವು. 2025ರ ಜುಲೈಯಲ್ಲಿ ಸೇತುವೆ ಆಯ್ತಲ್ಲ, ಮೊನ್ನೆ ಕಾರಲ್ಲಿ ಹೋದೆ. ಮಗಳು ಮೊಬೈಲಿಂದ ತಲೆ ಎತ್ತುವಷ್ಟರಲ್ಲಿ ಆಚೆ ದಡ! ಖುಷಿಯಾಯ್ತು, ಯಾಕೋ ಬೇಜಾರೂ ಆಯ್ತು. ನಿಮಗೂ ಹೀಗಾಗಿದೆಯಾ?

ಹೊಳೆಯಾಚೆಯವಳು:
ನಿಮಗದು ರಜೆಯ ಮಜಾ ಮಾರಾಯ್ರೇ. ನಮಗೆ ರಾತ್ರಿ ಮಗುವಿಗೆ ಜ್ವರ ಬಂದ್ರೆ ಬೆಳಗಿನ ಲಾಂಚಿನ ತನಕ ಒದ್ದೆ ಬಟ್ಟೆ ಹಾಕ್ತಾ ಕೂರೋದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅಜ್ಜನ ಗದ್ದೆ, ತೋಟ ಎಲ್ಲಾ ಮುಳುಗಿತು. ಕರೆಂಟು ಊರೂರಿಗೆ ಹೋಯ್ತು. ನಮಗೊಂದು ದಾರಿ ಸಿಗಲು 60 ವರ್ಷ ಬೇಕಾಯ್ತು. ನನಗಂತೂ ಬೇಜಾರಿಲ್ಲಪ್ಪ.

ಶಿವಮೊಗ್ಗದಿಂದ:
ಇಬ್ಬರ ಮಾತೂ ಸರಿ. ನನಗೆ ನೆನಪಿರೋದು ಬೇಸಿಗೆ. ನೀರು ಇಳಿದಾಗ ಹಳೇ ಮರಗಳ ಕಪ್ಪು ಬೊಡ್ಡೆಗಳು ಮೇಲೆ ಕಾಣುತ್ತಿದ್ದವು. ಅದರ ಮೇಲೊಂದು ನೀರುಕಾಗೆ, ರೆಕ್ಕೆ ಬಿಚ್ಚಿ ಒಣಗಿಸ್ತಾ.

ಸಾಗರದವ:
ಅಕ್ಕಾ, ಒಪ್ಪಿದೆ. ಅಜ್ಜಿಯೂ ಲಾಂಚಿಗೆ ಬೈಯ್ಯುತ್ತಲೇ ಇದ್ದಳು. ಅಂದಹಾಗೆ, ಆ ಮಂಡಕ್ಕಿ ಅಂಗಡಿ ಇನ್ನೂ ಇದೆಯಾ?