ಸಹಾಯ ಬೇಕು: ಪೈಥಾನ್‌ನಲ್ಲಿ ದೊಡ್ಡ ಎಕ್ಸ್‌ಎಮ್‌ಎಲ್ ಫೈಲ್ ಓದಲು ಯಾವ ಲೈಬ್ರರಿ?

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಎಪಿಎಂಸಿಯಲ್ಲಿ ನಮ್ಮ ಮಾವನವರ ದಲ್ಲಾಳಿ ಅಂಗಡಿ ಇದೆ, ಜಾಸ್ತಿ ಮೆಕ್ಕೆಜೋಳದ ವ್ಯಾಪಾರ. ಹಳೇ ಲೆಕ್ಕವನ್ನೆಲ್ಲ ಸಾಫ್ಟ್‌ವೇರ್‌ನಿಂದ ಎಕ್ಸ್‌ಎಮ್‌ಎಲ್ (ಟ್ಯಾಗ್‌ಗಳ ನಡುವೆ ಮಾಹಿತಿ ಇಡುವ ಪಠ್ಯ ಫೈಲ್) ಆಗಿ ತೆಗೆದಿದ್ದೇನೆ. ಫೈಲ್ 600 ಎಂಬಿ ಇದೆ, ಅಂಗಡಿ ಕಂಪ್ಯೂಟರ್‌ನಲ್ಲಿ ರ‍್ಯಾಮ್ 4 ಜಿಬಿ ಮಾತ್ರ. ಅದರಿಂದ ಒಬ್ಬೊಬ್ಬ ರೈತರ ಚೀಲ, ತೂಕ, ಹಮಾಲಿ, ಬಾಕಿ ಬೇರೆ ಮಾಡಿ ಎಕ್ಸೆಲ್‌ಗೆ ಹಾಕಬೇಕು.

ಮೊದಲು ಪೈಥಾನ್‌ನ ಮಿನಿಡಾಮ್ ಅನ್ನೋ ಲೈಬ್ರರಿ ಬಳಸಿದೆ. ಅದು ಇಡೀ ಫೈಲನ್ನು ಮೆಮೊರಿಗೆ ಎಳೆದುಕೊಳ್ಳುತ್ತದೆ, ಕಂಪ್ಯೂಟರ್ ನಿಂತೇ ಹೋಯಿತು. ಆಮೇಲೆ ಎಲಿಮೆಂಟ್‌ಟ್ರೀ ಲೈಬ್ರರಿಯ ಇಟರ್‌ಪಾರ್ಸ್ (ಫೈಲನ್ನು ಸ್ವಲ್ಪ ಸ್ವಲ್ಪವೇ ಓದುವ ವಿಧಾನ) ಹಿಡಿದೆ. ಒಂದೊಂದು ವೋಚರ್ ಓದಿ ಮುಗಿದ ಕೂಡಲೇ ಕ್ಲಿಯರ್ ಮಾಡಿದರೆ ಮೆಮೊರಿ ಹಿಡಿತದಲ್ಲಿರುತ್ತದೆ. ಪೈಥಾನ್ ಜೊತೆಗೇ ಬರುತ್ತದೆ, ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ನನಗೆ ಇದೇ ಇಷ್ಟ. ಆದರೆ ಕೆಲವು ಹೆಸರುಗಳ ಹಿಂದೆ  ಅಂತ (ಕಣ್ಣಿಗೆ ಕಾಣದ ಒಂದು ಕಂಟ್ರೋಲ್ ಅಕ್ಷರದ ಸಂಕೇತ) ಸೇರಿಕೊಂಡಿದೆ. ಎಕ್ಸ್‌ಎಮ್‌ಎಲ್ 1.0ರಲ್ಲಿ ಆ ಅಕ್ಷರಕ್ಕೆ ಜಾಗವೇ ಇಲ್ಲ ಅಲ್ವಾ, ಅಲ್ಲಿಗೆ ಬಂದ ಕೂಡಲೇ ಎರರ್ ಕೊಟ್ಟು ನಿಲ್ಲುತ್ತದೆ.

ಎಲ್‌ಎಕ್ಸ್‌ಎಮ್‌ಎಲ್ ಅನ್ನೋ ಇನ್ನೊಂದು ಲೈಬ್ರರಿಯಲ್ಲಿ ರಿಕವರ್ ಅನ್ನೋ ಆಯ್ಕೆ ಇದೆ, ತಪ್ಪಿದ್ದರೂ ಮುಂದೆ ಓದುತ್ತದೆ. ಆದರೆ ಸದ್ದಿಲ್ಲದೆ ಏನಾದರೂ ಬಿಟ್ಟು ಹೋದರೆ? ಒಬ್ಬ ರೈತರ 40 ಚೀಲದ ದುಡ್ಡು ಲೆಕ್ಕದಿಂದ ಮಾಯವಾದರೆ ಯಾವ ಮುಖ ಇಟ್ಟುಕೊಂಡು ಮಾತಾಡೋದು?

ಆ ಅಕ್ಷರಗಳನ್ನು ಮೊದಲೇ ಸಾಲು ಸಾಲಾಗಿ ತೆಗೆದು, ಆಮೇಲೆ ಎಲಿಮೆಂಟ್‌ಟ್ರೀಗೆ ಕೊಡೋದೇ ವಾಸಿ ಅನ್ನಿಸುತ್ತಿದೆ. ಇಂಥ ಫೈಲ್ ಜೊತೆ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ರಿಕವರ್ ಬಳಸಿದರೆ ಏನು ಬಿಟ್ಟಿದೆ ಅಂತ ಪತ್ತೆ ಮಾಡೋದು ಹೇಗೆ? ಶುಕ್ರವಾರದೊಳಗೆ ಆಡಿಟರ್‌ಗೆ ಕೊಡಬೇಕು, ಗೊತ್ತಿದ್ದವರು ದಯವಿಟ್ಟು ಹೇಳಿ.