ಸಹಾಯ ಬೇಕು: ಹಳೆಯ ಎಲೆಕ್ಟ್ರಿಕ್ ಕಾರು ನಮ್ಮ ಬಿಸಿಲಿನಲ್ಲಿ ಎಷ್ಟು ವರ್ಷ ಬಾಳಿಕೆ ಬರುತ್ತದೆ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನೆಲೆಸಿರುವ ನಾನು ಕೆಲಸಕ್ಕಾಗಿ ಸೇಡಂಗೆ ಹೋಗಿಬರುತ್ತೇನೆ. ದಿನಕ್ಕೆ ಸುಮಾರು ನೂರು ಕಿಲೋಮೀಟರ್. 2021ರಲ್ಲಿ ನೋಂದಣಿಯಾಗಿ 62,000 ಕಿ.ಮೀ. ಓಡಿರುವ, 30.2 ಕಿಲೋವ್ಯಾಟ್ ಅವರ್ ಬ್ಯಾಟರಿಯ ಟಾಟಾ ನೆಕ್ಸಾನ್ ಇವಿಯೊಂದನ್ನು ಪರಿಚಿತರೊಬ್ಬರು ಮಾರುತ್ತಿದ್ದು, ಕೊಳ್ಳುವ ಮುನ್ನ ನಿಮ್ಮ ಅನುಭವ ತಿಳಿಯಬಯಸುತ್ತೇನೆ.

ಬ್ಯಾಟರಿಯ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ವರ್ಷಕ್ಕೆ 30,000 ಕಿ.ಮೀ.ಯಂತೆ ಓಡಿಸಿದರೆ ಉಳಿದ 98,000 ಕಿ.ಮೀ. ಮೂರು ವರ್ಷ ದಾಟುತ್ತಿದ್ದಂತೆಯೇ ಮುಗಿಯುತ್ತದೆ. ಆಮೇಲಿನ ವರ್ಷಗಳ ಬಗ್ಗೆಯೇ ನನ್ನ ಚಿಂತೆ. ಮೋಟಾರಿನಲ್ಲಿ ಸವೆಯುವ ಭಾಗಗಳು ಕಡಿಮೆಯಾದ್ದರಿಂದ ಅದರ ಬಗ್ಗೆ ಭಯವಿಲ್ಲ. ಆದರೆ ಬ್ಯಾಟರಿಗೆ ಬಿಸಿ ಆಗದು. ಪೂರ್ತಿ ಚಾರ್ಜ್ ಮಾಡಿ ಬಿಸಿಲಿನಲ್ಲಿ ಬಹಳ ಹೊತ್ತು ನಿಲ್ಲಿಸಿದರೆ ಅದರ ಸಾಮರ್ಥ್ಯ ಬೇಗ ಕುಗ್ಗುತ್ತದೆ. ದ್ರವದಿಂದ ತಂಪಾಗಿಸುವ ವ್ಯವಸ್ಥೆಯಿಲ್ಲದ ಆರಂಭಿಕ ನಿಸಾನ್ ಲೀಫ್ ಕಾರುಗಳಿಗೆ ಅಮೆರಿಕದ ಅರಿಜೋನಾದ ಸೆಖೆಯಲ್ಲಿ ಹೀಗೆಯೇ ಆಗಿತ್ತು. ನೆಕ್ಸಾನ್‌ನಲ್ಲಿ ಆ ವ್ಯವಸ್ಥೆ ಇದೆಯಾದರೂ, ನಮ್ಮಲ್ಲಿ ಮೇ ತಿಂಗಳಲ್ಲಿ ತಾಪಮಾನ 42 ಡಿಗ್ರಿ ದಾಟುವುದು ಅಪರೂಪವೇನಲ್ಲ, ಕಚೇರಿಯ ಬಳಿ ನೆರಳೂ ಇಲ್ಲ.

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯಲ್ಲಿ ಇಂತಹ ಕಾರನ್ನು ಒಂದು ಲಕ್ಷ ಕಿ.ಮೀ.ಗಿಂತ ಹೆಚ್ಚು ಓಡಿಸಿದವರು, ಎ.ಸಿ. ಹಾಕಿಕೊಂಡು ಒಂದು ಪೂರ್ತಿ ಚಾರ್ಜಿಗೆ ಈಗ ಎಷ್ಟು ದೂರ ಸಾಗುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿ. ಸರ್ವಿಸ್ ಕೇಂದ್ರದವರು ಕೊಡುವ ಬ್ಯಾಟರಿ ಆರೋಗ್ಯದ ವರದಿಯನ್ನು ಎಷ್ಟರಮಟ್ಟಿಗೆ ನಂಬಬಹುದು? ವಾರಂಟಿ ಮುಗಿದ ಬಳಿಕ ಕೆಟ್ಟ ಭಾಗವನ್ನಷ್ಟೇ ಬದಲಿಸಿಕೊಂಡವರಿದ್ದರೆ, ತಗುಲಿದ ಖರ್ಚನ್ನೂ ಬರೆಯಿರಿ. ಮುಂದಿನ ವಾರದೊಳಗೆ ಮುಂಗಡ ಕೊಡಬೇಕಾಗಿದೆ.