ಬಸ್ ದರ, ದರಪಟ್ಟಿ, ಡೇಟಾ: ರೇಖಾ ಮೇಡಂ ಹತ್ರ ಕೇಳಿ (ಪ್ರಶ್ನೋತ್ತರ)

ರೇಖಾ: ನಮಸ್ಕಾರ ಎಲ್ರಿಗೂ. ಬಸ್ ರೂಟು, ಟೈಮು, ದರ ಇವನ್ನ ಕಂಪ್ಯೂಟರ್‌ಗೆ ಅರ್ಥ ಆಗೋ ಹಾಗೆ ಜೋಡಿಸೋದು ನನ್ನ ಕೆಲಸ. ದರದ ಮಾಹಿತಿ ಎಲ್ಲಿ ಸಿಗುತ್ತೆ, ಸಿಗದಿದ್ರೆ ಹೆಂಗೆ ಪಡೆಯೋದು, ಅದು ಓಪನ್ ಡೇಟಾ, ಅಂದ್ರೆ ಯಾರು ಬೇಕಾದ್ರೂ ತಗೊಂಡು ಬಳಸೋ ಮಾಹಿತಿ, ಯಾಕಾಗಬೇಕು, ಇವುಗಳ ಬಗ್ಗೆ ಕೇಳಿ.

ಪ್ರವೀಣ: ಮೇಡಂ ಮೆಜೆಸ್ಟಿಕ್‌ನಿಂದ ಏರ್‌ಪೋರ್ಟ್‌ಗೆ ಎಷ್ಟು?

ರೇಖಾ: ನಮ್ಮ ಬಿಎಂಟಿಸಿ ಆಪಲ್ಲಿ ಫೇರ್ ಕ್ಯಾಲ್ಕುಲೇಟರ್ ಇದೆ. ಹತ್ತೋ ಜಾಗ, ಇಳಿಯೋ ಜಾಗ ಹಾಕಿ ನೋಡಿ.

ಅನಿಲ್: ಆಪಲ್ಲೇ ಸಿಗುತ್ತೆ ಅಂದ್ಮೇಲೆ ಓಪನ್ ಡೇಟಾ ಬೇರೆ ಯಾಕೆ ಮೇಡಂ

ರೇಖಾ: ಆಪು ಒಂದ್ಸಲಕ್ಕೆ ಒಂದು ಪ್ರಯಾಣದ ದರ ಹೇಳುತ್ತೆ ಅಷ್ಟೇ. ಪೂರ್ತಿ ಪಟ್ಟಿ ಕೈಗೆ ಸಿಕ್ಕಿದ್ರೆ ಲೆಕ್ಕ ಕೇಳಬಹುದು. 2025 ಜನವರಿ 5ಕ್ಕೆ ನಾಲ್ಕೂ ಸರ್ಕಾರಿ ಸಾರಿಗೆ ನಿಗಮದಲ್ಲಿ ಶೇ 15 ಏರಿಸಿದ್ರಲ್ಲ, ಬಿಎಂಟಿಸಿ ಕನಿಷ್ಠ ದರ 5ರಿಂದ 6 ಆಯ್ತು, ಅಂದ್ರೆ ಒಂದು ಸ್ಟೇಜ್ (ದರ ಲೆಕ್ಕಕ್ಕೆ ಗುರುತಿಟ್ಟಿರೋ ಜಾಗ) ದೂರ ಹೋಗೋರಿಗೆ ಏರಿದ್ದು ಶೇ 20. ಇಂಥವು ಎಷ್ಟು ಕಡೆ ಇವೆ ಅಂತ ಪಟ್ಟಿ ಇಲ್ದೆ ಯಾರೂ ತೋರಿಸೋಕಾಗಲ್ಲ. ದೆಹಲಿಯವರು 2018ರಲ್ಲೇ ಬಸ್ ಡೇಟಾ ಓಪನ್ ಮಾಡಿದ್ರು, ಅದೇ ವರ್ಷ ಕೊಚ್ಚಿ ಮೆಟ್ರೋನೂ ಮಾಡ್ತು.

ಬಸವರಾಜ: ನಮ್ಮ ಹುಬ್ಬಳ್ಳಿ ಚಿಗರಿ ಬಸ್ಸಿಂದೂ ಹಿಂಗ ಡೇಟಾ ಸಿಗತೈತೇನ್ರೀ ಮೇಡಂ?

ಗಿರೀಶ: *ಫಾರ್ವರ್ಡ್ ಆಗಿ ಬಂದಿದ್ದು* ಕರ್ನಾಟಕದ ಎಲ್ಲಾ ಬಸ್ ದರ ಒಂದೇ ಫೈಲಲ್ಲಿ!! ಕೆಳಗಿನ ಎಪಿಕೆ ಇನ್‌ಸ್ಟಾಲ್ ಮಾಡಿ, 10 ಗ್ರೂಪಿಗೆ ಕಳಿಸಿ

ರೇಖಾ: ಯಾರೂ ಒತ್ತಬೇಡಿ, ಎಪಿಕೆ ಅಂದ್ರೆ ನೇರ ಇನ್‌ಸ್ಟಾಲ್ ಆಗೋ ಆಪ್ ಫೈಲು, ಇಂಥವು ಎಸ್ಸೆಮ್ಮೆಸ್ ಓದೋ ಪರ್ಮಿಷನ್ ಕೇಳಬಹುದು. ಗಿರೀಶ್, ಮೊದಲು ಅದನ್ನ ಡಿಲೀಟ್ ಮಾಡಿ. ದರ ನೋಡೋಕೆ ಎಸ್ಸೆಮ್ಮೆಸ್ ಓದೋ ಪರ್ಮಿಷನ್ ಯಾವ ಆಪಿಗೂ ಬೇಕಿಲ್ಲ. ಈಗಾಗಲೇ ಇನ್‌ಸ್ಟಾಲ್ ಮಾಡಿ ದುಡ್ಡು ಹೋಗಿದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹರೀಶ (ಕರಾವಳಿ): ಮೇಡಂ, ನಮ್ಮ ಅಮ್ಮ ಗೇರುಬೀಜದ ಫ್ಯಾಕ್ಟರಿಗೆ ಹೋಗುವುದು. ನಮ್ಮಲ್ಲಿ ಪ್ರೈವೇಟ್ ಬಸ್ ಮಾತ್ರ ಉಂಟು, ಶಕ್ತಿ ಯೋಜನೆ ಅದಕ್ಕೆ ಇಲ್ಲ. ಹೋಗುವಾಗ 22, ಬರುವಾಗ ಬೇರೆ ಬಸ್ಸಲ್ಲಿ 27 ತಗೊಳ್ತಾರೆ, ಸಂಜೆ ಟಿಕೆಟೂ ಕೊಡುವುದಿಲ್ಲ. ಕೇಳಿದ್ರೆ "ಬೇಕಾದ್ರೆ ಇಳೀರಿ" ಅಂತಾನಂತೆ. ಯಾವುದು ಸರಿಯಾದ ರೇಟ್ ಅಂತ ಎಲ್ಲಿ ನೋಡುವುದು?

ರೇಖಾ: ಹರೀಶ್, ಇಷ್ಟರಲ್ಲಿ ನನ್ನ ತಲೆ ಕೆಡಿಸಿದ್ದು ನಿಮ್ಮದೇ ಪ್ರಶ್ನೆ, ಸ್ವಲ್ಪ ಉದ್ದ ಬರೀತೀನಿ. 5 ರೂಪಾಯಿ ವ್ಯತ್ಯಾಸಕ್ಕೆ ನ್ಯಾಯವಾದ ಕಾರಣ ಇರಬಹುದು, ಬೆಳಿಗ್ಗೆದು ಎಲ್ಲಾ ಕಡೆ ನಿಲ್ಲೋ ಶಟಲ್ಲು ಸಂಜೆದು ಎಕ್ಸ್‌ಪ್ರೆಸ್ ಇದ್ರೆ ದರ ಬೇರೆ ಆಗಬಹುದು, ಇಲ್ಲಾ ಅಮ್ಮ ಸಂಜೆ ಹತ್ತೋ ಜಾಗ ಎರಡು ಸ್ಟೇಜ್ ಮಧ್ಯೆ ಇದ್ರೆ ಹಿಂದಿನ ಸ್ಟೇಜಿಂದ ದರ ಹಿಡೀತಾರೆ. ಆದ್ರೆ ಟಿಕೆಟ್ ಕೊಡ್ತಿಲ್ಲ ಅಂದ್ರಲ್ಲ, ಅದು ನಂಗೆ ಹೆಚ್ಚು ಚಿಂತೆ. ಟಿಕೆಟ್ ಇಲ್ದಿದ್ರೆ ಯಾವ ಸ್ಟೇಜಿಂದ ಯಾವ ಸ್ಟೇಜಿಗೆ ಎಷ್ಟು ತಗೊಂಡ ಅನ್ನೋದಕ್ಕೆ ನಿಮ್ಮ ಹತ್ರ ಏನೂ ಉಳಿಯಲ್ಲ, ಆ ಬಸ್ಸಲ್ಲಿ ಪ್ರಯಾಣ ಮಾಡಿದ್ದಕ್ಕೇ ಪುರಾವೆ ಇರಲ್ಲ.

ಪ್ರೈವೇಟ್ ಬಸ್ ದರ ಓನರ್ ಇಷ್ಟ ಅಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 67ರಲ್ಲಿ ದರದ ಬಗ್ಗೆ ನಿರ್ದೇಶನ ಕೊಡೋ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ದರಪಟ್ಟಿಯನ್ನ ಬಸ್ಸಲ್ಲೂ ನಿಲ್ದಾಣದಲ್ಲೂ ಹಾಕಬೇಕು ಅನ್ನೋದು ಸೆಕ್ಷನ್ 72ರ ಪರ್ಮಿಟ್ ಷರತ್ತುಗಳಲ್ಲೇ ಬರುತ್ತೆ. ಡ್ರೈವರ್ ಸೀಟ್ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಅಂಕಿ ಇರೋ ಕಾಗದ ಅಂಟಿಸಿದ್ದಾರಾ ನೋಡಿ, ಇದ್ರೆ ಫೋಟೋ ತೆಗೀರಿ, ಬಸ್ ನಂಬರೂ ಕಾಣಬೇಕು. ಇಲ್ದಿದ್ರೆ ಆರ್‌ಟಿಓ ಆಫೀಸಿನ ಮಾಹಿತಿ ಅಧಿಕಾರಿಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಯಾಕೆ ಬೇಕು ಅಂತ ಕಾರಣ ಕೊಡಬೇಕಿಲ್ಲ. 30 ದಿನದಲ್ಲಿ ಉತ್ತರ ಬರದಿದ್ರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಕಂಪ್ಯೂಟರಲ್ಲಿರೋ ಮಾಹಿತಿ ಎಲೆಕ್ಟ್ರಾನಿಕ್ ರೂಪದಲ್ಲೇ ಕೇಳೋ ಹಕ್ಕು ಆರ್‌ಟಿಐ ಕಾಯ್ದೆಯ ಸೆಕ್ಷನ್ 2(ಜೆ)ನಲ್ಲಿದೆ, ಎಕ್ಸೆಲ್ ಬೇಕು ಅಂತ ಬರೀರಿ.

ಸುಮಾ: ನಾನು ಹಿಂಗೇ ಒಂದು ಕಡೆ ಕೇಳಿದ್ದೆ, ಓರೆಯಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್ ಕೊಟ್ರು, 6 ಯಾವುದು 8 ಯಾವುದು ಗೊತ್ತಾಗಲ್ಲ

ರೇಖಾ: ಅದಕ್ಕೇ ಎಕ್ಸೆಲ್ ಅಂದಿದ್ದು. 40 ಸ್ಟೇಜಿರೋ ರೂಟಲ್ಲಿ 780 ಜೋಡಿ ದರ ಇರುತ್ತೆ. ಜಿಟಿಎಫ್‌ಎಸ್ (ಬಸ್ ರೂಟು, ಟೈಮು, ದರ ಕಂಪ್ಯೂಟರ್‌ಗೆ ಕೊಡೋ ಮಾದರಿ) ಫೈಲಿಗೆ ಅಷ್ಟನ್ನೂ ಕೈಯಲ್ಲಿ ಟೈಪ್ ಮಾಡೋದ್ರಲ್ಲಿ ಒಂದು ಅಂಕಿ ತಪ್ಪಿದ್ರೂ ನಾಳೆ ಪ್ರಯಾಣಿಕ, ಕಂಡಕ್ಟರ್ ಬಸ್ಸಲ್ಲಿ ಜಗಳ ಆಡ್ತಾರೆ. ಕಂಡಕ್ಟರ್ ಮೆಷಿನ್ನಲ್ಲಿ ಇದೇ ಟೇಬಲ್ ಆಗಲೇ ಇದೆಯಲ್ಲ, ಅದನ್ನೇ ಕೊಡಬಹುದಿತ್ತು.

ಮಂಜು: ಹೆಂಗಸ್ರಿಗೆ ಹೆಂಗೂ ಫ್ರೀ, ಇನ್ನು ದರಪಟ್ಟಿ ಯಾಕ್ರೀ ನಿಮಗೆ

ಸುಮಾ: ಹರೀಶ್ ಅವ್ರ ಅಮ್ಮ 27 ಕೊಡ್ತಿರೋದು ಓದ್ಲಿಲ್ವಾ? ಜೀರೋ ಟಿಕೆಟ್ ದುಡ್ಡು ಸರ್ಕಾರ ನಿಗಮಕ್ಕೆ ಕಟ್ಟುತ್ತೆ, ನಮ್ಮ ತೆರಿಗೆದೇ, ಯಾವ ದರದಲ್ಲಿ ಅಂತ ಕೇಳಬಾರದಾ

ಮಂಜು: ನಾವು ಟಿಕೆಟ್ ತಗೊಂಡು ನಿಂತ್ಕೊಂಡು ಹೋಗ್ತೀವಿ, ಅದು ಕೇಳಿ ಮೊದ್ಲು

ಸುಮಾ: ಬಸ್ ಕಮ್ಮಿ ಇದ್ರೆ ಬಸ್ ಕೇಳಿ, ನಮ್ಮ ಮೇಲೆ ಯಾಕೆ ಕೂಗ್ತೀರ

ನಾಗರಾಜಪ್ಪ: ನಾನು ರಿಟೈರ್ಡ್ ಕಂಡಕ್ಟರು. ಸ್ಟೇಜ್ ಮಧ್ಯೆ ಹತ್ತಿದೋರಿಗೆ ಹಿಂದಿನ ಸ್ಟೇಜ್ ಟಿಕೆಟ್ ಹರಿದ್ರೆ ಕಳ್ಳ ಅಂತಾರೆ, ಹರೀದೆ ಇದ್ರೆ ಚೆಕಿಂಗ್‌ನೋರು ಮೆಮೊ ಕೊಡ್ತಾರೆ. ಪಟ್ಟಿ ಎಲ್ರಿಗೂ ಕಾಣೋ ಹಂಗೆ ಹಾಕ್ಬಿಟ್ರೆ ಬೈಗುಳ ತಪ್ಪೋದು ನಮಗೇ.

ಮಂಜು: ಚಿಲ್ಲರೆ ವಾಪಸ್ ಕೊಡದೇ ಇರೋದು ಯಾವ ಪಟ್ಟಿಲಿದೆ ಯಜಮಾನ್ರೇ

ನಾಗರಾಜಪ್ಪ: ವಯಸ್ಸಿಗಾದ್ರೂ ಮರ್ಯಾದೆ ಕೊಟ್ಟು ಮಾತಾಡಿ.

ರೇಖಾ: ಮಂಜು, ಸಾಕು. ನಾಗರಾಜಪ್ಪನೋರು ಹೇಳಿದ್ದು ನೂರಕ್ಕೆ ನೂರು ನಿಜ, ಮತ್ತೆ ಓದಿ.

ಗಿರೀಶ: ಇನ್ನೊಂದು ಬಂದಿದೆ ನೋಡಿ, ಗೂಗಲ್ ಮ್ಯಾಪ್ ಕಿಲೋಮೀಟರ್‌ಗೆ ಇಂತಿಷ್ಟು ಪೈಸೆ ಗುಣಿಸಿ ಕಂಡಕ್ಟರ್‌ಗೆ ತೋರ್ಸಿದ್ರೆ ಅಷ್ಟೇ ತಗೋಬೇಕಂತೆ, ಕಾನೂನಂತೆ

ರೇಖಾ: ಅಂಥ ಕಾನೂನಿಲ್ಲ. ದರ ಸ್ಟೇಜ್ ಲೆಕ್ಕ, ಮ್ಯಾಪ್ ಲೆಕ್ಕ ಅಲ್ಲ, ಟೋಲ್ ರೋಡಾದ್ರೆ ಅದೂ ಸೇರಬಹುದು. ಇದನ್ನ ನಂಬಿ ಯಾರೋ ಪಾಪ ಬಸ್ಸಲ್ಲಿ ಜಗಳ ತೆಗೆದು ಅವಮಾನ ಪಡ್ತಾರೆ. ದಯವಿಟ್ಟು ಫಾರ್ವರ್ಡ್ ನಿಲ್ಸಿ.

ಶ್ವೇತಾ: ಹಾಯ್ ಮೇಡಂ, ಮೆಜೆಸ್ಟಿಕ್ ಟು ಏರ್‌ಪೋರ್ಟ್ ಫೇರ್?

ರೇಖಾ: ಮೇಲಿದೆ.

ಅನಿಲ್: ಸ್ಟೂಡೆಂಟ್ ಪಾಸ್ ದರಾನೂ ಈ ಡೇಟಾದಲ್ಲಿ ಬರುತ್ತಾ

ಹರೀಶ (ಕರಾವಳಿ): ಮೇಡಂ ಅರ್ಜಿ ಬರೆದೆ, ಸರಿ ಉಂಟಾ ನೋಡಿ: "ಸದರಿ ಮಾರ್ಗದ ಬಸ್ಸುಗಳ ದರಪಟ್ಟಿ ಕೊಡಬೇಕು. ಸಂಜೆ ದರ ಯಾಕೆ ಹೆಚ್ಚು ಎಂದು ತಿಳಿಸಬೇಕು."

ರೇಖಾ: ಎರಡನೇ ಸಾಲು ತೆಗೀರಿ, ಆರ್‌ಟಿಐನಲ್ಲಿ ದಾಖಲೆ ಕೇಳಬೇಕು, ಯಾಕೆ ಅಂತ ಕೇಳಿದ್ರೆ ಅದನ್ನೇ ಹಿಡ್ಕೊಂಡು ವಾಪಸ್ ಕಳಿಸ್ತಾರೆ. ಆ ಜಾಗದಲ್ಲಿ "ಎರಡೂ ಬಸ್ಸಿನ ಪರ್ಮಿಟ್ ಷರತ್ತು ಮತ್ತು ಅನುಮೋದಿತ ಸ್ಟೇಜ್‌ವಾರು ದರಪಟ್ಟಿಯ ಪ್ರತಿ, ಎಕ್ಸೆಲ್ ರೂಪದಲ್ಲಿ" ಅಂತ ಬರೀರಿ, ಬಸ್ ನಂಬರ್ ಎರಡೂ ಹಾಕಿ. ನಾಳೆಯಿಂದ ಅಮ್ಮಂಗೆ ಟಿಕೆಟ್ ಕೇಳಿ ಇಸ್ಕೊಳ್ಳೋಕೆ ಹೇಳಿ, ಕೊಡದಿದ್ರೆ ದಿನಾಂಕ, ಟೈಮು ಬರೆದಿಡಿ.